ಬಂಡೆ ಕೊರೆಯುವ ಯಂತ್ರದಲ್ಲಿ ಮುನ್ನೊತ್ತಿನ ಪ್ರಮಾಣ

ಯಂತ್ರಶಾಸ್ತ್ರದ ಇಂಗ್ಲಿಷು ಗ್ರಂಥಗಳಲ್ಲಿ ‘ಫೀಡ್’ ಎಂಬ ಮಾತು ಬಹು ಸಾಮಾನ್ಯವಾದುದು. ಉಣಿಸುವುದು, ಊಡುವುದು ಎಂಬುದು ಅದರ ಮೂಲಾರ್ಥ. ಗಾಣಕ್ಕೆ ಕಬ್ಬನ್ನು ಊಡುವಂತೆ, ಕೊಯ್ಯುವ ಗರಗಸಕ್ಕೆ ಮರದ ದಿಮ್ಮಿಯನ್ನು ಊಡುವಂತೆ, ಯಂತ್ರದ ಬಾಯಿಗೆ ವಸ್ತುವನ್ನು ಒದಗಿಸುವ ಕ್ರಿಯೆಗೆ ಈ ಹೆಸರು ಒಪ್ಪುವುದು. ಬಂಡೆ ಕೊರೆಯುವ ಯಂತ್ರದ ವಿಷಯದಲ್ಲಿ ಮಾತ್ರ ಕ್ರಮವು ತಿರುಗುಮುರುಗಾಗಿದೆ. ಬಂಡೆಯು ತಾನಿರುವ ಎಡೆಯಿಂದ ಕದಲದು. ಯಂತ್ರವೇ ಬಂಡೆಯ ಕಡೆಗೆ ಸಾಗಬೇಕು. ಆದುದರಿಂದ ‘ಊಡಿಕೆ’ ಎಂದು ಅನುವಾದಿಸಿದರೆ ಪದಕ್ಕೆ ಪದ ಕೂಡಿತೇ ಹೊರತು ಅರ್ಥವು ಕೂಡಲಿಲ್ಲ. ಕೆಲಸಗಾರರು ‘ಫೀಡ್’ ಎಂದೇ ಹೇಳಿಕೊಂಡು ಕಾರ್ಯ ಸಾಗಿಸುತ್ತಾರೆ. ಅದರಲ್ಲಿ ದೋಷವೇನೂ ಇಲ್ಲ. ಪ್ರಕೃತ ಲೇಖನದಲ್ಲಿ ವಿವರಣೆಯ ಸೌಕರ್ಯಕ್ಕಾಗಿ ‘ಮುನ್ನೊತ್ತು’ ಎಂಬ ಮಾತನ್ನು ಬಳಸಿದೆ. ‘ಮುನ್ನೆಚ್ಚರ’ ಎಂಬಲ್ಲಿ ಆಗುವ ಸಂಧಿಯೇ ಇಲ್ಲಿಯೂ ಆಗಿರುವುದನ್ನು ವಾಚಕರು ಗಮನಿಸಬಹುದು.

ಮಾತಿನ ವಿಚಾರದಲ್ಲಿ ಇನ್ನೊಂದು ಭೇದವನ್ನು ಮೊದಲೇ ಹೇಳಿಬಿಡುವುದು ಮೇಲು. ‘ಒತ್ತು’ ಎಂಬುದು ಬಂಡೆಯ ಮೇಲೆ ಬೀಳುವ ಒಟ್ಟು ಬಲ. ಅದನ್ನು ಕಿಲೋಗ್ರಾಂ ತೂಕದಲ್ಲಿ ಅಳೆಯಬಹುದು. ‘ಒತ್ತಡ’ ಎಂಬುದು ಎಣ್ಣೆ ಅಥವಾ ಗಾಳಿ ತುಂಬಿದ ಉರುಳೆಯೊಳಗೆ ಒಂದೊಂದು ಚದರ ಸೆಂಟಿಮೀಟರಿನ ಮೇಲೆ ಬೀಳುವ ಬಲ. ಯಂತ್ರದ ಮುಂದೆ ನಿಂತವನ ಕಣ್ಣಿಗೆ ಮಾಪಕದ ಮುಳ್ಳಿನಲ್ಲಿ ಕಾಣುವುದು ಒತ್ತಡ. ಬಂಡೆಗೆ ತಿಳಿಯುವುದು ಒತ್ತು. ಇವೆರಡನ್ನೂ ಒಂದೇ ಎಂದು ಬಗೆದುದರಿಂದ ಮುರಿದುಹೋದ ಉಕ್ಕಿಗೆ ಲೆಕ್ಕವಿಲ್ಲ.

ಹೆಚ್ಚು ಒತ್ತಿದರೆ ಹೆಚ್ಚು ಬೇಗ ಕೊರೆಯುವುದೆಂಬ ನಂಬಿಕೆಯು ಬಹು ಸಹಜವಾದುದು. ಬಡಗಿಯ ಬೈರಿಗೆಯನ್ನು ನೋಡಿದವರಿಗೆ ಇದು ಸ್ವತಃಸಿದ್ಧವಾಗಿ ತೋರುವುದು. ಮರದೊಳಕ್ಕೆ ಬೈರಿಗೆ ಇಳಿಯಬೇಕಾದರೆ ಮೇಲಿನಿಂದ ಅದುಮಲೇಬೇಕು. ಆದರೆ ಕಲ್ಲುಕುಟಿಗನ ಕೆಲಸವನ್ನು ನೋಡಿರಿ. ಅವನ ಎಡಗೈಯಲ್ಲಿ ಚಾಣ, ಬಲಗೈಯಲ್ಲಿ ಸುತ್ತಿಗೆ. ಕಲ್ಲನ್ನು ಒಡೆಯುವುದು ಸುತ್ತಿಗೆಯ ಪೆಟ್ಟು. ಎಡಗೈಯು ಚಾಣವನ್ನು ಕಲ್ಲಿಗೆ ತಾಗಿಸಿ ಹಿಡಿದಿರುವುದು, ಅಷ್ಟೆ. ಅದು ಎಷ್ಟೇ ಬಲವಾಗಿ ಅದುಮಿದರೂ ಕಲ್ಲಿನ ಒಂದು ಹರಳೂ ಏಳದು. ಹಾಗೆಂದು ಎಡಗೈ ಸಡಿಲವಾದರೆ, ಚಾಣವು ಕಲ್ಲಿನಿಂದ ಕೂದಲೆಳೆಯಷ್ಟು ಅಗಲಿದ್ದರೂ ಪೆಟ್ಟಿನ ಬಲವೆಲ್ಲ ಚಾಣವನ್ನು ಹಾರಿಸುವುದರಲ್ಲಿಯೂ ಕೈಯನ್ನು ಜುಮುಗುಟ್ಟಿಸುವುದರಲ್ಲಿಯೂ ವ್ಯಯವಾಗುವುದು. ಹೊಡೆದು ಕೊರೆಯುವ ಯಂತ್ರಗಳಲ್ಲಿ ಮುನ್ನೊತ್ತು ಎಂಬುದು ಕಲ್ಲುಕುಟಿಗನ ಈ ಎಡಗೈಯೇ ಹೊರತು ಬಡಗಿಯ ಅದುಮುವ ಕೈಯಲ್ಲ. ಮೆತ್ತಗಿನ ಬಂಡೆಯಲ್ಲಿ ಉರುಳುಹಲ್ಲಿನ ಮೊನೆಯನ್ನು ತಿರುಗಿಸಿ ಕೊರೆಯುವ ಬೇರೊಂದು ಜಾತಿಯ ಯಂತ್ರವುಂಟು. ಅದರಲ್ಲಿ ಒತ್ತೇ ಬಂಡೆಯನ್ನು ಪುಡಿಮಾಡುವುದರಿಂದ ಅಲ್ಲಿ ಬೇಕಾಗುವ ಭಾರವು ಅನೇಕ ಪಾಲು ಹೆಚ್ಚು. ಅದರ ವಿಚಾರ ಇಲ್ಲಿ ಪ್ರಸ್ತುತವಲ್ಲ.

ಯಂತ್ರಗಳು ಬರುವುದಕ್ಕೆ ಮುಂಚೆ ಸಿಡಿಮದ್ದಿನ ಕುಳಿಯನ್ನು ಇಬ್ಬರು ಸೇರಿ ತೋಡುತ್ತಿದ್ದರು. ಒಬ್ಬನು ಸಲಾಕೆಯನ್ನು ಹಿಡಿಯುವನು, ಮತ್ತೊಬ್ಬನು ಹೊಡೆಯುವನು. ಪ್ರತಿಯೊಂದು ಪೆಟ್ಟಿನ ಅನಂತರ ಹಿಡಿದವನು ಸಲಾಕೆಯನ್ನು ಕೊಂಚ ತಿರುಗಿಸುವನು. ಹೊಡೆಯುವುದು, ತಿರುಗಿಸುವುದು, ತಾಗಿಸಿ ಹಿಡಿಯುವುದು, ಕುಳಿಯ ಪುಡಿಯನ್ನು ಹೊರಗೆ ತೆಗೆಯುವುದು ಎಂಬ ನಾಲ್ಕು ಕಾರ್ಯಗಳೂ ಇಲ್ಲಿಯೇ ಇವೆ. ಆಲ್ಪ್ಸ್ ಪರ್ವತದ ಫ್ರೇಜುಸ್ ಸುರಂಗವನ್ನು 1857ರಲ್ಲಿ ಕೈಯಿಂದಲೇ ಕೊರೆಯಲಾರಂಭಿಸಿ, 1861ರಿಂದ ಸೊಮೆಯೆ ಎಂಬ ಇಂಜಿನಿಯರನು ಅದುಮಿದ ಗಾಳಿಯಿಂದ ನಡೆಯುವ ಯಂತ್ರಗಳನ್ನು ಹೂಡಿದನು. 1871ರಲ್ಲಿ ಸುರಂಗವು ಬಳಕೆಗೆ ತೆರೆಯಿತು. ಆ ಕಾಲದ ಯಂತ್ರಗಳಲ್ಲಿ ಸಲಾಕೆಯನ್ನು ಕೊಂತಕ್ಕೇ ಕಟ್ಟಿರುತ್ತಿದ್ದರು. ಕೊಂತದೊಡನೆ ಸಲಾಕೆಯೂ ಹಿಂದಕ್ಕೂ ಮುಂದಕ್ಕೂ ಹಾರಿ ಬಂಡೆಯನ್ನು ಕುಟ್ಟುವುದು. ಈ ಬಗೆಯ ಯಂತ್ರವನ್ನು ಕುಳಿ ಆಳವಾದಂತೆ ಮುಂದೆ ಸರಿಸಲು ತಿರುಪಿನ ಹಿಡಿಯೊಂದು ಇರುತ್ತಿದ್ದಿತು. ತಿರುಪನ್ನು ತಡವಾಗಿ ತಿರುಗಿಸಿದರೆ ಕೊಂತವು ಬಂಡೆಗೆ ಬದಲಾಗಿ ತನ್ನ ಮನೆಯ ಮುಂಗೋಡೆಯನ್ನೇ ಗುದ್ದುವುದು. ಆತುರಪಟ್ಟು ತಿರುಗಿಸಿದರೆ ಕೊಂತಕ್ಕೆ ಓಡಾಡಲು ಎಡೆಯಿಲ್ಲದೆ ಪೆಟ್ಟು ಮೊಟಕಾಗುವುದು.

ಅಮೆರಿಕದ ಕೊಲರಾಡೊ ಪ್ರಾಂತ್ಯದ ಲೈನರ್ ಎಂಬವನು 1890ರ ದಶಕದಲ್ಲಿ ಕೊಂತವನ್ನೂ ಸಲಾಕೆಯನ್ನೂ ಬೇರ್ಪಡಿಸಿ, ನಿಂತ ಸಲಾಕೆಯ ಬೆನ್ನಿಗೆ ಕೊಂತವು ಸುತ್ತಿಗೆಯಂತೆ ಬಡಿಯುವ ಯಂತ್ರವನ್ನು ನಿರ್ಮಿಸಿದನು. ಅಂದರೆ ಕಲ್ಲುಕುಟಿಗನ ಚಾಣ, ಸುತ್ತಿಗೆಗಳ ಪದ್ಧತಿಗೇ ಯಂತ್ರವು ಹಿಂದಿರುಗಿತು. ಟೊಳ್ಳು ಸಲಾಕೆಯ ಮೂಲಕ ಗಾಳಿಯೂದಿ ಪುಡಿಯನ್ನು ಹೊರಡಿಸುವುದು ಅವನ ಮೊದಲ ಉಪಾಯವಾಗಿದ್ದಿತು. ಅದರಿಂದೆದ್ದ ಧೂಳು ಸಹಿಸಲಸಾಧ್ಯವಾದುದರಿಂದ ಮುಂದೆ ನೀರನ್ನು ಹಾಯಿಸಿದನು. ಒಣಗೊರೆತದ ಯಂತ್ರಗಳನ್ನು ಆ ದೇಶದ ಗಣಿಗಾರರು ‘ವಿಧವೆಯರನ್ನು ಮಾಡುವ ಯಂತ್ರ’ ಎಂದು ಕರೆಯುತ್ತಿದ್ದುದು ಉತ್ಪ್ರೇಕ್ಷೆಯಲ್ಲ. ನಮ್ಮ ದೇಶದಲ್ಲಿ ಕಲ್ಲುಧೂಳಿನ ಶ್ವಾಸಕೋಶರೋಗವು ಮೊದಲು ವರದಿಯಾದುದು 1947ರಲ್ಲಿ, ಕೋಲಾರದ ಚಿನ್ನದ ಗಣಿಗಳಿಂದ. ಧೂಳಿಗೂ ಮುನ್ನೊತ್ತಿಗೂ ಸಂಬಂಧವಿಲ್ಲದೆ ಇಲ್ಲ. ಮೊನೆಯು ಬಂಡೆಗೆ ಸರಿಯಾಗಿ ತಾಗಿರುವಾಗ ಕಲ್ಲು ಚಕ್ಕೆಚಕ್ಕೆಯಾಗಿ ಏಳುವುದು; ತಾಗದೆ ಕುಣಿಯುವಾಗ ಅದೇ ಕಲ್ಲು ಮತ್ತೆಮತ್ತೆ ಅರೆದು ನುಣ್ಣನೆಯ ಹುಡಿಯಾಗುವುದು. ಉಸಿರಿನೊಡನೆ ಒಳಹೋಗುವುದು ಈ ಹುಡಿಯೇ.

ಸಲಾಕೆಯ ಹಿಂಗಡೆಯಲ್ಲಿ ಹೊಡೆಯುವ ಯಂತ್ರದಲ್ಲಿ ಪೆಟ್ಟು ಬಂಡೆಗೆ ತಲಪುವ ಬಗೆ ಸ್ವಾರಸ್ಯವಾಗಿದೆ. ಕೊಂತವು ಸಲಾಕೆಯನ್ನು ಬಡಿದಾಗ ಸಲಾಕೆಯು ಇಡಿಯಾಗಿ ಒಮ್ಮೆಲೇ ಮುಂದೆ ಸರಿಯುವುದಿಲ್ಲ. ಬಡಿದ ಕಡೆಯಲ್ಲಿ ಉಕ್ಕು ಕ್ಷಣಕಾಲ ಅದುಮಿಕೊಂಡು, ಆ ಅದುಮು ಅಲೆಯಾಗಿ ಸೆಕೆಂಡಿಗೆ ಸುಮಾರು 5,000 ಮೀಟರ್ ವೇಗದಿಂದ ಮೊನೆಯ ಕಡೆಗೆ ಓಡುವುದು. ಅಲೆಯು ಬಂದಾಗ ಮೊನೆಯು ಬಂಡೆಯನ್ನು ತಾಗಿದ್ದರೆ ಅದರ ಶಕ್ತಿಯ ಹೆಚ್ಚಿನ ಪಾಲು ಬಂಡೆಯನ್ನು ಒಡೆಯುವುದರಲ್ಲಿ ವಿನಿಯೋಗವಾಗುವುದು. ತಾಗದೆ ಇದ್ದರೆ ಅಲೆಗೆ ಹೋಗಲು ಎಡೆಯಿಲ್ಲ. ಅದು ಮೊನೆಯ ಬಳಿಯಲ್ಲಿ ಹೊರಳಿ, ಅದುಮುವ ಅಲೆಯಾಗಿದ್ದುದು ಎಳೆಯುವ ಅಲೆಯಾಗಿ ಮಾರ್ಪಟ್ಟು ಬಂದ ದಾರಿಯಲ್ಲಿಯೇ ಹಿಂದಿರುಗುವುದು. ಅದುಮನ್ನು ಸಹಿಸುವ ಉಕ್ಕು ಈ ಎಳೆತವನ್ನು ಲಕ್ಷಾಂತರ ಬಾರಿ ಸಹಿಸಲಾರದು. ಸಲಾಕೆಗಳು ಬಳಲಿ ಬಿರಿಯುವುದಕ್ಕೆ ಇದು ಮುಖ್ಯ ಕಾರಣ. ಜೊತೆಗೆ, ಸಲಾಕೆಗಳನ್ನು ಒಂದಕ್ಕೊಂದು ಕೂಡಿಸುವ ತಿರುಪುಗಳು ಬಿಗಿಯಾಗಿರುವುದು ಬಂಡೆಯ ತಡೆಯನ್ನು ಮೀರಿ ಮೊನೆಯು ತಿರುಗುವುದರಿಂದ. ಮುನ್ನೊತ್ತು ಸಾಲದಿದ್ದರೆ ತಡೆಯೂ ಇಲ್ಲ, ಬಿಗಿಯೂ ಇಲ್ಲ; ಸಡಿಲ ತಿರುಪು ಪ್ರತಿ ಪೆಟ್ಟಿಗೂ ಉಜ್ಜಿ ಕಾಯುವುದು. ಕುಳಿಯಿಂದ ತೆಗೆದ ಸಲಾಕೆಗಳ ಕೀಲುಗಳು ಮುಟ್ಟಲಾರದಷ್ಟು ಬಿಸಿಯಾಗಿದ್ದರೆ, ಒತ್ತು ಕಡಮೆಯಾಗಿದ್ದಿತೆಂದು ಮೊದಲು ಶಂಕಿಸಬೇಕು. ಹೊಸಬರು ಇದನ್ನು ಹೆಚ್ಚು ಒತ್ತಿನ ಫಲವೆಂದು ಬಗೆದು ಇನ್ನೂ ಕಡಮೆ ಮಾಡುವುದುಂಟು.

ಒತ್ತು ಮಿತಿಮೀರಿದಾಗ ಬರುವ ಕೇಡು ಬೇರೆ ಬಗೆಯದು. ಮೊನೆಯು ಬಂಡೆಯಲ್ಲಿ ಹೂತುಕೊಂಡು ತಿರುಗಲು ಹೆಣಗುವುದು. ಅದರ ಹೊರಸಾಲಿನ ಗಡಸು ಗುಬಟುಗಳು ಸವೆಯುವುವು ಇಲ್ಲವೆ ಒಡೆಯುವುವು. ಪುಡಿ ಹೊರಡುವ ಕಾಲುವೆಗಳು ಮುಚ್ಚಿಕೊಳ್ಳುವುವು. ಇವೆಲ್ಲಕ್ಕಿಂತ ದೊಡ್ಡ ಕೇಡೆಂದರೆ ಸಲಾಕೆಯು ಬಿಲ್ಲಿನಂತೆ ಬಾಗಿ ಕುಳಿಯು ಓರೆಯಾಗುವುದು. ಒಂದು ಸಾಲಿನ ಸಿಡಿಮದ್ದಿನ ಕುಳಿಗಳಲ್ಲಿ ಒಂದು ಓರೆಯಾದರೆ ಒಂದೆಡೆ ಬಂಡೆ ಒಡೆಯದೆ ಉಳಿಯುವುದು, ಇನ್ನೊಂದೆಡೆ ಮದ್ದಿನ ಎದುರಿಗೆ ಬಂಡೆಯ ದಪ್ಪ ಸಾಲದೆ ಕಲ್ಲು ದೂರಕ್ಕೆ ಸಿಡಿಯುವುದು.

ಇನ್ನು ನಮ್ಮ ನಾಡಿನವರೆಲ್ಲ ಕಂಡಿರುವ ಯಂತ್ರಕ್ಕೆ ಬರೋಣ. ಕೋಲಾರ, ಚಿಕ್ಕಬಳ್ಳಾಪುರ ಸೀಮೆಗಳಲ್ಲಿ ಕೊಳವೆ ಬಾವಿ ತೋಡುವ ಲಾರಿಯ ಮೇಲಿನ ಯಂತ್ರವೂ ಹೊಡೆದು ಕೊರೆಯುವುದೇ. ಆದರೆ ಅದರ ಸುತ್ತಿಗೆಯು ಕೊಳವೆಗಳ ಸಾಲಿನ ತುದಿಯಲ್ಲಿ, ಬಾವಿಯ ತಳದಲ್ಲಿಯೇ ಇದ್ದು ಕೊರೆಮೊನೆಯನ್ನು ನೇರವಾಗಿ ಬಡಿಯುವುದು. ಮೇಲಿನಿಂದ ಬರುವುದು ಅದುಮಿದ ಗಾಳಿ, ತಿರುಗಿಸುವ ಬಲ ಮತ್ತು ಮುನ್ನೊತ್ತು ಮಾತ್ರ. ಗಾಳಿಯು ಕೊಂತವನ್ನು ಕೆಳಕ್ಕೆ ಎಸೆಯುವಾಗ ಸುತ್ತಿಗೆಯ ಮೈಯನ್ನು ಅಷ್ಟೇ ಬಲದಿಂದ ಮೇಲಕ್ಕೆ ತಳ್ಳುವುದು. ಈ ಹಿನ್ನೂಕನ್ನು ತಡೆದು ಸುತ್ತಿಗೆಯನ್ನು ಮೊನೆಯ ಮೇಲೆ ಕೂರಿಸಿಡುವುದೇ ಮುನ್ನೊತ್ತಿನ ಕೆಲಸ. ಆದುದರಿಂದಲೇ ಗಾಳಿಯ ಒತ್ತಡವನ್ನು ಏರಿಸಿದವನು ಮುನ್ನೊತ್ತನ್ನೂ ತಕ್ಕಮಟ್ಟಿಗೆ ಏರಿಸಬೇಕು. ಯಂತ್ರವನ್ನು ಕೊಂಚ ಮೇಲಕ್ಕೆತ್ತಿದರೆ ಮೊನೆಯು ತನ್ನ ಹಿಡಿಕೆಯಲ್ಲಿ ಜಾರಿ ಜೋಲುವುದು. ಆಗ ಗಾಳಿಯು ಕೊಂತವನ್ನು ಬಿಟ್ಟು ನೇರವಾಗಿ ಹೊರನುಗ್ಗಿ ಬಾವಿಯ ಪುಡಿಯನ್ನೆಲ್ಲ ಊದಿ ತೆಗೆಯುವುದು. ಅರ್ಧಮರ್ಧ ಒತ್ತಿದಾಗ ಮೊನೆಯು ಈ ಎರಡು ಸ್ಥಿತಿಗಳ ನಡುವೆ ಓಲಾಡುತ್ತ, ಬಂಡೆಗೆ ಬೀಳಬೇಕಾದ ಪೆಟ್ಟು ಹಿಡಿಕೆಯ ಮೇಲೆ ಬೀಳುವುದು.

ಎಷ್ಟು ಒತ್ತು ಬೇಕು? ಮೊನೆಯ ವ್ಯಾಸದ ಪ್ರತಿ ಮಿಲಿಮೀಟರಿಗೆ ಸುಮಾರು 9 ಕಿಲೋಗ್ರಾಂ ಎಂಬುದು ಆರಂಭಕ್ಕೆ ಬಳಸುವ ಸ್ಥೂಲ ನಿಯಮ. ಕೊಳವೆ ಬಾವಿಗೆ ಸಾಮಾನ್ಯವಾದ 165 ಮಿಲಿಮೀಟರ್ ಮೊನೆಗೆ ಇದು 1,500 ಕಿಲೋಗ್ರಾಮಿನಷ್ಟಾಯಿತು. ಮುನ್ನೊತ್ತಿನ ಉರುಳೆಯ ಒಳವ್ಯಾಸವು 80 ಮಿಲಿಮೀಟರ್ ಎಂದು ಇಟ್ಟುಕೊಂಡರೆ ಅದರ ಕೊಂತದ ವಿಸ್ತೀರ್ಣವು 50 ಚದರ ಸೆಂಟಿಮೀಟರ್; ಚದರ ಸೆಂಟಿಮೀಟರಿಗೆ 30 ಕಿಲೋ ಒತ್ತಡವಿದ್ದರೆ ಬೇಕಾದ 1,500 ಕಿಲೋ ದೊರೆಯುವುದು. ಆದರೆ ಅದೇ ಉರುಳೆಯು ಓಟವನ್ನು ಇಮ್ಮಡಿಸುವ ಸರಪಳಿಯ ಮೂಲಕ ಎಳೆಯುವುದಾದರೆ, ಓಟವು ಇಮ್ಮಡಿಯಾದಂತೆ ಬಲವು ಅರ್ಧವಾಗುವುದು. ಮಾಪಕವು 30 ಎಂದೇ ತೋರಿಸುತ್ತಿದ್ದರೂ ಬಂಡೆಗೆ ತಲಪುವುದು 750 ಕಿಲೋ. ಒಂದು ಯಂತ್ರದಲ್ಲಿ ಸರಿಹೋದ ಅಂಕೆಯನ್ನು ಮತ್ತೊಂದು ಯಂತ್ರಕ್ಕೆ ಒಯ್ಯುವುದು ಹೀಗೆ ಅಪಾಯಕರ.

ಇಷ್ಟರಿಂದಲೂ ಲೆಕ್ಕ ಮುಗಿಯಲಿಲ್ಲ. ನಿಜವಾದ ತೊಡಕು ಇನ್ನು ಮೇಲಿದೆ. ಕೆಳಮುಖವಾದ ಬಾವಿಯಲ್ಲಿ ಉಕ್ಕಿನ ಸ್ವಂತ ತೂಕವೂ ಮೊನೆಯ ಮೇಲೆಯೇ ಬೀಳುವುದಷ್ಟೆ. ತಿರುಗಿಸುವ ತಲೆ ಮತ್ತು ಸುತ್ತಿಗೆ ಸೇರಿ 500 ಕಿಲೋ, 6 ಮೀಟರ್ ಉದ್ದದ ಒಂದೊಂದು ಕೊಳವೆಗೆ 100 ಕಿಲೋ ಎಂದು ಇಟ್ಟುಕೊಳ್ಳೋಣ. ಮೊದಲನೆಯ ಕೊಳವೆ ಇಳಿಯುವಾಗ 600 ಕಿಲೋ ತಾನಾಗಿ ಬೀಳುವುದರಿಂದ ಉರುಳೆಯು ಕೊಡಬೇಕಾದುದು ಮಿಕ್ಕ 900 ಕಿಲೋ. ಮೇಲೆ ಹೇಳಿದ ಉರುಳೆಯಲ್ಲಿ, ಸರಪಳಿಯಿಲ್ಲದೆ, ಮಾಪಕವು 18 ಎಂದು ತೋರಿಸಬೇಕು. ಹತ್ತನೆಯ ಕೊಳವೆಗೆ, ಎಂದರೆ 60 ಮೀಟರಿಗೆ, ತೂಕವೇ 1,500 ಕಿಲೋ ಆಯಿತು. ಉರುಳೆಯು ಏನನ್ನೂ ಕೊಡಬೇಕಾಗಿಲ್ಲ. ಅಲ್ಲಿಂದ ಮುಂದೆ ಒತ್ತುವ ಮಾತೇ ಇಲ್ಲ, ತಡೆದು ಹಿಡಿಯಬೇಕು. 300 ಮೀಟರ್ ಆಳದಲ್ಲಿ ಐವತ್ತು ಕೊಳವೆಗಳು ಸೇರಿ ಒಟ್ಟು ತೂಕ 5,500 ಕಿಲೋ. ಅದರಲ್ಲಿ 4,000 ಕಿಲೋವನ್ನು ಯಂತ್ರವು ಮೇಲಕ್ಕೆ ಎಳೆದು ಹಿಡಿದಿರಬೇಕು. ಗೋಡೆಯ ಉಜ್ಜಾಟದಿಂದಲೂ, ಎಳೆಯುವ ಕಡೆಯಲ್ಲಿ ಕೊಂತದಂಡದ ದಪ್ಪದಷ್ಟು ವಿಸ್ತೀರ್ಣವು ಕುಗ್ಗುವುದರಿಂದಲೂ ಅಂಕೆಗಳು ಸ್ವಲ್ಪ ಬದಲಾಗುವುವು, ತತ್ತ್ವವು ಬದಲಾಗದು. ಅದೇ ಬಂಡೆ, ಅದೇ ಮೊನೆ, ಅದೇ ಗಾಳಿ. ಆದರೂ ಸರಿಯಾದ ಮುನ್ನೊತ್ತಿನ ಒತ್ತಡವು ಬೆಳಗಿನಲ್ಲಿ ಕೆಳಮುಖವಾಗಿದ್ದುದು ಸಂಜೆಗೆ ಮೇಲ್ಮುಖವಾಗಿದೆ! ಕೊರೆಯುವವನು ಮಾಪಕವನ್ನು 18ಕ್ಕೆ ಕಟ್ಟಿ ಮರೆತುಬಿಟ್ಟರೆ ಸಂಜೆಯ ಹೊತ್ತಿಗೆ ಮೊನೆಯ ಮೇಲೆ ಬೇಕಾದುದರ ನಾಲ್ಕು ಪಾಲಿಗಿಂತ ಹೆಚ್ಚು ಭಾರ ಕುಳಿತಿರುವುದು.

ತಡೆದು ಹಿಡಿಯುವುದರಿಂದ ಬಾವಿಯು ನೆಟ್ಟಗಿಳಿಯುವುದಕ್ಕೂ ಸಹಾಯವಾಗುವುದು. ಮೇಲಿನಿಂದ ತೂಗಿಬಿಟ್ಟ ಕೊಳವೆಗಳ ಸಾಲು ಗಾರೆಯವನ ತೂಗುಗುಂಡಿನ ದಾರದಂತೆ ತಾನೇ ನೆಟ್ಟಗೆ ನಿಲ್ಲುವುದು. ಅದುಮಿದ ಸಾಲು ಬೆತ್ತದಂತೆ ಬಾಗುವುದು. ಕೆಳಗಿನ ಕೆಲವು ಕೊಳವೆಗಳಷ್ಟೇ ಅದುಮಿನಲ್ಲಿದ್ದು ಮೇಲಿನವೆಲ್ಲ ಎಳೆತದಲ್ಲಿದ್ದರೆ ಬಾವಿಯು ಓರೆಯಾಗುವ ಸಂಭವ ಕಡಮೆ. ಓರೆ ಬಾವಿಯಲ್ಲಿ ಪಂಪು ಸಲೀಸಾಗಿ ಇಳಿಯದು, ಇಳಿದರೂ ಕೊಳವೆ ಗೋಡೆಗೆ ಉಜ್ಜಿ ಸವೆಯುವುದು, ಕೆಟ್ಟಾಗ ಮೇಲೆ ಬಾರದು. ಅಡಿಯ ಲೆಕ್ಕದಲ್ಲಿ ಕೂಲಿ ತೆರುವ ರೈತನಿಗೆ ಬಾವಿಯ ಆಳವು ಕಾಣುವುದು, ಓರೆಯು ಕಾಣದು. ಅಡಿಗಿಷ್ಟೆಂದು ಕೂಲಿ ಗೊತ್ತುಮಾಡುವ ಪದ್ಧತಿಯು ಕೊರೆಯುವವನನ್ನು ಆತುರದ ಕಡೆಗೇ ಸೆಳೆಯುವುದೆಂದು ನನ್ನ ಅಭಿಪ್ರಾಯ. ಸಾಲ ಮಾಡಿ ತೋಡಿಸಿದ ಬಾವಿಯಲ್ಲಿ ಸುತ್ತಿಗೆಯೂ ಕೊಳವೆಗಳೂ ಕಚ್ಚಿಕೊಂಡು ಉಳಿದುಹೋದಾಗ ಆ ಆತುರದ ಬೆಲೆಯನ್ನು ತೆರುವವನು ಹೆಚ್ಚಾಗಿ ರೈತನೇ.

ಲೆಕ್ಕದಿಂದ ದೊರೆಯುವುದು ಆರಂಭದ ಅಂಕೆ ಮಾತ್ರ. ಅದನ್ನು ನಿಜಕ್ಕೆ ಹೊಂದಿಸುವ ಕ್ರಮ ಹೀಗಿದೆ. ಬಾಯಿ ತೆರೆಯುವಾಗ, ಮೇಲಿನ ಮಣ್ಣಿನಲ್ಲಿಯೂ ಕೊಳೆಗಲ್ಲಿನಲ್ಲಿಯೂ, ಗಾಳಿಯನ್ನೂ ಒತ್ತನ್ನೂ ಕಡಮೆಯಾಗಿಡಬೇಕು. ಮೊದಲ ಒಂದು ಮೀಟರಿನಲ್ಲಿ ಆದ ಓರೆಯನ್ನು ಮುಂದಿನ ಮುನ್ನೂರು ಮೀಟರೂ ತಿದ್ದಲಾರದು. ಗಟ್ಟಿ ಬಂಡೆ ಸಿಕ್ಕಿದ ಮೇಲೆ ಗಾಳಿಯನ್ನು ಪೂರ್ತಿ ಬಿಟ್ಟು ಮುನ್ನೊತ್ತನ್ನು ಮೆಲ್ಲಮೆಲ್ಲನೆ ಏರಿಸುತ್ತ ನಿಮಿಷಕ್ಕೆ ಎಷ್ಟು ಇಳಿಯುವುದೆಂಬುದನ್ನು ನೋಡುತ್ತಿರಬೇಕು. ಒತ್ತು ಏರಿದಂತೆ ಇಳಿಯುವ ವೇಗವು ಮೊದಲು ಚೆನ್ನಾಗಿ ಏರುವುದು, ಬಳಿಕ ಏರಿಕೆ ನಿಧಾನವಾಗುವುದು, ಒಂದೆಡೆ ನಿಂತೇಹೋಗುವುದು. ಅದರಾಚೆಗೆ ಒತ್ತನ್ನು ಏರಿಸಿದರೆ ವೇಗವು ಇಳಿಯುವುದು. ಏರಿಕೆ ನಿಂತ ಎಡೆಯಿಂದ ಕೊಂಚ ಈಚೆಗೆ ಬಂದು ನಿಲ್ಲಿಸತಕ್ಕದ್ದು.

ಆ ಎಡೆಯನ್ನು ಗುರುತಿಸಲು ಅತ್ಯುತ್ತಮವಾದ ಸಾಕ್ಷಿ ಮುನ್ನೊತ್ತಿನ ಮಾಪಕವಲ್ಲ, ತಿರುಗಿಸುವ ಯಂತ್ರದ ಮಾಪಕ. ಒತ್ತು ಹದವಾಗಿರುವಾಗ ಅದರ ಮುಳ್ಳು ಹೆಚ್ಚುಕಡಮೆ ನಿಶ್ಚಲವಾಗಿರುವುದು, ಮಿತಿಮೀರಿದಾಗ ಎಗರಾಡತೊಡಗುವುದು, ತೀರ ಕಡಮೆಯಾದಾಗ ತಡೆಯೇ ಇಲ್ಲದಂತೆ ಕೆಳಗೆ ಬಿದ್ದಿರುವುದು. ತಿರುಗುವ ವೇಗವನ್ನೂ ಇದರೊಡನೆ ನೋಡಬೇಕು. ಸುತ್ತಿಗೆಯು ನಿಮಿಷಕ್ಕೆ 1,500 ಪೆಟ್ಟು ಹೊಡೆಯುತ್ತ ಮೊನೆಯು 20 ಸುತ್ತು ತಿರುಗಿದರೆ ಸುತ್ತಿಗೆ 75 ಪೆಟ್ಟು. 165 ಮಿಲಿಮೀಟರ್ ಮೊನೆಯ ಅಂಚು ಪೆಟ್ಟಿನಿಂದ ಪೆಟ್ಟಿಗೆ ಸುಮಾರು 7 ಮಿಲಿಮೀಟರ್ ಸರಿದು ಹೊಸ ಕಲ್ಲನ್ನು ಕಾಣುವುದು. ಅತಿ ಒತ್ತಿನಿಂದ ತಿರುಗಾಟ ನಿಧಾನವಾದರೆ ಒಡೆದ ಕಲ್ಲನ್ನೇ ಮತ್ತೆ ಒಡೆಯುತ್ತ ಕುಳಿತಂತಾಗುವುದು.

ಕಿವಿಯೂ ಒಂದು ಮಾಪಕವೇ. ಹದವಾದ ಒತ್ತಿನಲ್ಲಿ ಪೆಟ್ಟಿನ ಸದ್ದು ಒಂದೇ ಸಮನಾಗಿ, ಬಿಗಿಯಾಗಿ ಕೇಳುವುದು. ಕಡಮೆಯಾದಾಗ ಗಡಗಡ ಸಡಿಲ ಸದ್ದು, ಕೊಳವೆಗಳ ಅದುರಾಟ. ಅತಿಯಾದಾಗ ಸದ್ದು ಮಂಕಾಗಿ ಯಂತ್ರವು ನರಳುವಂತೆ ಕೇಳುವುದು. ಪಳಗಿದ ಕೆಲಸಗಾರನು ಮುಳ್ಳನ್ನು ನೋಡುವುದಕ್ಕೆ ಮುಂಚೆ ಕೈಯನ್ನು ಸನ್ನೆಗೋಲಿಗೆ ಒಯ್ದಿರುತ್ತಾನೆ.

ಬಿರುಕುಬಿಟ್ಟ ಬಂಡೆಯಲ್ಲಿ ಈ ಕ್ರಮವೆಲ್ಲ ಒಮ್ಮೆಲೇ ತಲೆಕೆಳಗಾಗುವುದು. ಕೊಳವೆ ಬಾವಿಗೆ ನೀರು ದೊರೆಯುವುದು ಬಿರುಕಿನಲ್ಲಿಯೇ ಆದುದರಿಂದ ಬಯಸಿದ ಎಡೆಯೇ ಅಪಾಯದ ಎಡೆಯೂ ಹೌದು. ಮೊನೆಯ ಒಂದು ಪಕ್ಕವು ಬಿರುಕಿಗೆ ಜಾರಿ ಕಚ್ಚಿಕೊಂಡಾಗ ತಿರುಗಿಸುವ ಒತ್ತಡವು ಥಟ್ಟನೆ ಏರುವುದು. ಆಗ ಒತ್ತನ್ನು ತಗ್ಗಿಸಿ, ಸಾಲದಿದ್ದರೆ ಮೇಲಕ್ಕೆಳೆದು, ತಿರುಗಾಟವನ್ನು ನಿಲ್ಲಿಸದೆ ಮೊನೆಯನ್ನು ಬಿಡಿಸಬೇಕು. ಎಣ್ಣೆಯ ಒತ್ತಡದಿಂದ ನಡೆಯುವ ಈಚಿನ ಗಣಿಯಂತ್ರಗಳಲ್ಲಿ ಈ ಕಾರ್ಯವನ್ನು ಯಂತ್ರವೇ ಮಾಡಿಕೊಳ್ಳುವುದು: ತಿರುಗಿಸುವ ಒತ್ತಡವು ಗೊತ್ತಾದ ಮಿತಿಯನ್ನು ದಾಟಿದೊಡನೆ ಮುನ್ನೊತ್ತು ತಾನಾಗಿ ಇಳಿಯುವುದು, ಇನ್ನೂ ಏರಿದರೆ ಹಿಮ್ಮುಖವಾಗುವುದು.

ಸುರಂಗದ ಗೋಡೆಯನ್ನು ಅಡ್ಡಲಾಗಿ ಕೊರೆಯುವಲ್ಲಿ ತೂಕದ ಈ ಲೆಕ್ಕವು ಬೇರೊಂದು ರೂಪ ತಾಳುವುದು. ಕೈಯಂತ್ರಕ್ಕೆ ಆಧಾರವಾಗಿ ಗಾಳಿಯಿಂದ ಚಾಚುವ ಒಂಟಿಗಾಲೊಂದನ್ನು ಓರೆಯಾಗಿ ನೆಲಕ್ಕೂರುವರು. 65 ಮಿಲಿಮೀಟರ್ ಒಳವ್ಯಾಸದ ಕಾಲಿಗೆ ಚದರ ಸೆಂಟಿಮೀಟರಿಗೆ 5 ಕಿಲೋ ಗಾಳಿ ಬಿಟ್ಟರೆ ಅದು 166 ಕಿಲೋ ಬಲದಿಂದ ಚಾಚುವುದು. ಕಾಲು ನೆಲದೊಡನೆ 30 ಅಂಶದ ಕೋನದಲ್ಲಿದ್ದರೆ 144 ಕಿಲೋ ಮುಂದಕ್ಕೂ 83 ಕಿಲೋ ಮೇಲಕ್ಕೂ ಹಂಚಿಹೋಗುವುದು. 45 ಅಂಶವಾದರೆ ಎರಡು ಕಡೆಗೂ 117 ಕಿಲೋ. ಗಾಳಿಯನ್ನು ಮುಟ್ಟದೆ ಕಾಲನ್ನು ಊರಿದ ಎಡೆಯನ್ನು ಬದಲಿಸುವುದರಿಂದಲೇ ಮುನ್ನೊತ್ತು ಬದಲಾಗುವುದು. ಯಂತ್ರವು ಮುಂದೆ ಸಾಗಿದಂತೆ ಕಾಲು ಹೆಚ್ಚು ಹೆಚ್ಚು ಚಾಚಿಕೊಂಡು ನೆಲದ ಕಡೆಗೆ ಒರಗುವುದರಿಂದ ಮೇಲಕ್ಕೆತ್ತುವ ಪಾಲು ಕುಗ್ಗಿ ಒತ್ತುವ ಪಾಲು ಹಿಗ್ಗುವುದು; ಎತ್ತುವ ಪಾಲು ಯಂತ್ರದ ತೂಕಕ್ಕೆ ಸಾಲದಾಗುವುದಕ್ಕೆ ಮೊದಲೇ ಕಾಲನ್ನು ಮಡಿಸಿ ಮುಂದೆ ಊರಬೇಕು.